ಸೋತ ತಂಡದ ಹೆಸರೂ ಬರೀರಿ

(ವಾರಪತ್ರಿಕೆ ನಡೆಸುತ್ತಾ ಮಕ್ಕಳಿಗೆ ಖೊಖೊ ಕಲಿಸುತ್ತಿದ್ದ, ಈಗ ತೀರಿಕೊಂಡ ಮೇಷ್ಟ್ರೊಬ್ಬರ ನೆನಪಿಗೆ ಮಂಡ್ಯದಲ್ಲಿ ನಡೆದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತಿರುವವರನ್ನು ನೋಡಿದರೆ ಎರಡು ಗುಂಪು ಕಾಣುತ್ತದೆ. ಒಂದು ಕಡೆ ಪತ್ರಿಕೆಯವರು. ಇನ್ನೊಂದು ಕಡೆ ಖೊಖೊ ಆಡಿದವರು, ಈಗ ಆಡುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು. ನನಗಿಂತ ಮುಂಚೆ ಮಾತಾಡಿದ ಪತ್ರಿಕೆಯವರು, ಅವರು ಒಳ್ಳೆ ವರದಿಗಾರರು, ಬಿಡುವಿದ್ದಾಗ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದರು ಅಂದರು. ಆಟದವರು, ಅವರು ಒಳ್ಳೆ ಕೋಚ್, ಹೊಟ್ಟೆಪಾಡಿಗೆ ಪೇಪರ್ ನಡೆಸುತ್ತಿದ್ದರು ಅಂದರು. ನಾನು ಎರಡೂ ಕಡೆ ಇದ್ದವಳು. ಅವರ ಹತ್ತಿರ ಖೊಖೊ ಆಡಿದೆ, ಆಮೇಲೆ ಅವರ ವಾರಪತ್ರಿಕೆಯಲ್ಲಿ ಪ್ರೂಫ್ ನೋಡಿದೆ, ಅಲ್ಲಿಂದ ಮೈಸೂರಿಗೆ ಹೋಗಿ ಇದೇ ಕಸುಬು ಹಿಡಿದೆ. ಹೀಗೆ ಬೇರೆ ಬೇರೆ ಮಾಡಿ ಹೇಳೋದು ನನಗೆ ಸರಿ ಕಾಣಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಕೆಲಸ. ಒಂದು ಮಗುವಿನ ಹೆಸರನ್ನು ಊರಿನ ಮುಂದೆ ಯಾವಾಗ ಇಡಬೇಕು, ಯಾವಾಗ ಇಡಬಾರದು ಅನ್ನೋದನ್ನ ಅವರಷ್ಟು ಯೋಚಿಸಿದವರನ್ನು ನಾನು ನೋಡಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಯಾವ ಶಾಲೆಯಲ್ಲೂ ಅವರು ಕೆಲಸ ಮಾಡಿದವರಲ್ಲ, ಆದರೂ ಈ ಊರಲ್ಲಿ ಹಾಗಂದರೇನೇ ಗೊತ್ತಾಗೋದು.

ಖೊಖೊ ಆಡದೆ ಇದ್ದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದಿದ್ದರೆ ಮೇಷ್ಟ್ರು ಅರ್ಥವಾಗುವುದಿಲ್ಲ. ಅಂಕಣದ ಎರಡು ತುದಿಗೆ ಎರಡು ಕಂಬ. ನಡುವೆ ಎಂಟು ಚೌಕ. ಅಟ್ಟಿಸಿಕೊಂಡು ಹೋಗುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಆ ಚೌಕಗಳಲ್ಲಿ ಕೂತಿರುತ್ತಾರೆ. ಒಬ್ಬರು ಒಂದು ದಿಕ್ಕಿಗೆ ಮುಖ ಮಾಡಿದರೆ ಪಕ್ಕದವರು ಎದುರು ದಿಕ್ಕಿಗೆ. ಎದುರು ತಂಡದ ಓಡುವವರನ್ನು ಮುಟ್ಟಿ ಔಟ್ ಮಾಡಲು ಅಟ್ಟಿಸುವವರು ಒಬ್ಬರೇ. ಅವರು ಹಿಡಿದ ದಿಕ್ಕಿನಿಂದ ಹಿಂದಕ್ಕೆ ತಿರುಗುವ ಹಾಗಿಲ್ಲ, ಕೂತವರ ನಡುವೆ ನುಗ್ಗಿ ಆಚೆ ಬದಿಗೆ ಹೋಗುವ ಹಾಗೂ ಇಲ್ಲ. ಕಂಬ ಸುತ್ತಬೇಕು, ಇಲ್ಲ ಕೂತವರಿಗೆ ಹಿಂದಿನಿಂದ ಬೆನ್ನು ಮುಟ್ಟಿ ಖೋ ಕೊಟ್ಟು ತಾವು ಅಲ್ಲಿ ಕೂರಬೇಕು. ಅಂದರೆ ಜಾಸ್ತಿ ಜನ ಜಾಸ್ತಿ ಹೊತ್ತು ಕೂತೇ ಇರುತ್ತಾರೆ. ನೋಡುವವರ ಕಣ್ಣೆಲ್ಲ ಓಡುವವರ ಮೇಲೆ. ಮೇಷ್ಟ್ರ ಕಣ್ಣು ಮಾತ್ರ ಕೂತವರ ಮೇಲೆ.

ಹೊಸದಾಗಿ ಬಂದ ಮಕ್ಕಳಿಗೆ ಮೊದಲು ಓಟ ಹೇಳಿಕೊಡುತ್ತಲೇ ಇರಲಿಲ್ಲ. ಕೂರೋದು ಕಲಿಸುತ್ತಿದ್ದರು. ಹಿಮ್ಮಡಿ ಮೇಲೆ ಭಾರ ಬಿಡಬಾರದು. ಒಂದು ಕಾಲು ಮುಂದೆ, ಒಂದು ಹಿಂದೆ, ಬೆರಳ ತುದಿ ನೆಲಕ್ಕೆ ತಾಗಿರಬೇಕು, ತಲೆ ಎತ್ತಿರಬೇಕು. ಸದ್ದಿಲ್ಲದೆ ಹಿಂದೆ ಬಂದು ನಿಂತು ಬೆನ್ನು ಮುಟ್ಟಿ ಖೋ ಅನ್ನೋರು. ನಾವು ಎದ್ದು ನಾಲ್ಕು ಹೆಜ್ಜೆ ಓಡಿದ ಮೇಲೆ ವಾಪಸ್ ಕರೆದು, ಮೊದಲ ಹೆಜ್ಜೆ ಬಿದ್ದ ಜಾಗದಲ್ಲಿ ಮಣ್ಣಿನ ಮೇಲೆ ಬೆರಳಲ್ಲಿ ಗೆರೆ ಎಳೆದು, "ನೋಡವ್ವ, ಇಲ್ಲೇ ಒಂದು ಗೇಣು ಕಳ್ಕೊಂಡೆ" ಅಂತ ತೋರಿಸೋರು. ಖೋ ಕೊಡುವವರಿಗೂ ಅಷ್ಟೇ ಪಾಠ. ಕೈ ಮುಟ್ಟೋದೂ ಬಾಯಲ್ಲಿ ಖೋ ಅನ್ನೋದೂ ಒಟ್ಟಿಗೆ ಆಗಬೇಕು. ಬಾಯಿ ಮೊದಲಾದರೆ ಫೌಲು, ಕೈ ಮೊದಲಾಗಿ ದನಿ ಸಣ್ಣಗಾದರೆ ಕೂತವಳಿಗೆ ಅನುಮಾನ. ಆ ಅನುಮಾನದಲ್ಲೇ ಎದುರಾಳಿ ಕಂಬ ದಾಟಿಬಿಡುತ್ತಾಳೆ. ಮೂರು ಮೂರು ಜನರ ಬ್ಯಾಚಿನಲ್ಲಿ ಓಡೋಕೆ ಬರುವವರನ್ನು ಔಟ್ ಮಾಡುವ ಚುರುಕು ಎಲ್ಲಾ ಇರೋದು ಇಂಥ ಗೇಣುಗಳಲ್ಲೇ ಅನ್ನೋದು ಅವರ ಲೆಕ್ಕ.

ಈಗ ಪತ್ರಿಕೆಗೆ ಬರುತ್ತೇನೆ.

ನಮ್ಮಲ್ಲಿ ಶಾಲಾ ಕ್ರೀಡಾಕೂಟದ ಸುದ್ದಿ ಹೇಗೆ ಬರುತ್ತೆ ಅಂತ ನಿಮಗೆಲ್ಲ ಗೊತ್ತು. ಹೋಬಳಿ ಮಟ್ಟದ ಕ್ರೀಡಾಕೂಟವನ್ನು ಶಾಸಕರು ಉದ್ಘಾಟಿಸಿದರು. ಕ್ರೀಡೆಯಿಂದ ಆರೋಗ್ಯ ವೃದ್ಧಿ ಎಂದರು. ಆಮೇಲೆ ಸಾಲಾಗಿ ಬಿಇಒ, ತಹಶೀಲ್ದಾರ್, ಪಂಚಾಯಿತಿ ಅಧ್ಯಕ್ಷರು, ಎಸ್‌ಡಿಎಂಸಿ ಅಧ್ಯಕ್ಷರು, ಮುಖಂಡರು, ಇನ್ನಷ್ಟು ಮುಖಂಡರು, ಇತರರು ಇದ್ದರು. ಫೋಟೊದಲ್ಲಿ ದೀಪದ ಸುತ್ತ ಹದಿನೈದು ದೊಡ್ಡವರು. ಆಡಿದ ಒಂದು ಮಗುವಿನ ಹೆಸರೂ ಇರುವುದಿಲ್ಲ. ಪ್ರೆಸ್ ನೋಟ್ ಬರುವುದೇ ಹಾಗೆ. ಡೆಸ್ಕಿನಲ್ಲಿ ಕೂತವರಿಗೆ ಅದನ್ನು ಬದಲಿಸುವ ದಾರಿಯೂ ಇಲ್ಲ, ಯಾಕೆಂದರೆ ಮಕ್ಕಳ ಹೆಸರು ಅವರ ಕೈಗೆ ಬಂದಿರುವುದೇ ಇಲ್ಲ.

ಮೇಷ್ಟ್ರು ಅದನ್ನು ತಲೆಕೆಳಗು ಮಾಡಿದರು. ಅವರ ವರದಿಯಲ್ಲಿ ಮೊದಲು ಗೆದ್ದ ತಂಡದ ಅಷ್ಟೂ ಹೆಸರು, ಆಮೇಲೆ ಸೋತ ತಂಡದ ಅಷ್ಟೂ ಹೆಸರು, ಕೊನೆಗೆ ಜಾಗ ಉಳಿದರೆ ಉದ್ಘಾಟನೆ. ಹೆಸರು ಅಂದರೆ ಬರೀ ಹೆಸರಲ್ಲ. ಇನಿಷಿಯಲ್ ಸರಿ ಇರಬೇಕು, ಊರಿನ ಹೆಸರು ಇರಬೇಕು, ಒಂದೇ ಹೆಸರಿನವರು ಇಬ್ಬರಿದ್ದರೆ ಅಪ್ಪನ ಹೆಸರೂ ಇರಬೇಕು. ಪಂದ್ಯ ಮುಗಿದ ಮೇಲೆ ಸೋತವರು ಬ್ಯಾಗು ಎತ್ತಿಕೊಂಡು ಹೊರಟುಬಿಡುತ್ತಾರೆ ಅಲ್ವಾ, ಅದಕ್ಕೆ ಅವರ ಹತ್ತಿರವೇ ಮೊದಲು ಹೋಗೋರು. ಅಳುತ್ತಿರುವ ಮಗುವಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, "ಹೇಳು ಮಗ, ನಿನ್ನ ಹೆಸರು ಹೆಂಗೆ ಬರೀಲಿ?" ಅಂತ ಕೇಳೋರು. ಅವರ ಪೇಪರಿಗೆ ಪ್ರೂಫ್ ನೋಡಲು ಸೇರಿದಾಗ ನನಗೆ ಮೊದಲು ಹೇಳಿದ್ದೂ ಇದನ್ನೇ. "ಸೋತ ತಂಡದ ಹೆಸರೂ ಬರೀಬೇಕು. ಮಂತ್ರಿ ಹೆಸರಲ್ಲಿ ತಪ್ಪಾದ್ರೆ ನಾಳೆ ತಿದ್ದೋಕೆ ಹತ್ತು ಜನ ಫೋನ್ ಮಾಡ್ತಾರೆ. ಈ ಮಗು ಹೆಸರಲ್ಲಿ ತಪ್ಪಾದ್ರೆ ಯಾರೂ ಫೋನ್ ಮಾಡಲ್ಲ, ಅದಕ್ಕೇ ನೀನು ಎರಡು ಸಲ ನೋಡಬೇಕು."

ಅವರ ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ನೋಟ್‌ಬುಕ್ ಇರುತ್ತಿತ್ತು, ಎಷ್ಟೋ ಜನ ನೋಡಿದ್ದೀರಿ. ಮುಂದಿನಿಂದ ಸುದ್ದಿ, ಹಿಂದಿನಿಂದ ಆಟ. ಮುಂದಿನ ಪುಟಗಳಲ್ಲಿ ಕನ್ನಂಬಾಡಿ ಕಟ್ಟೆ ನೀರಿನ ಮಟ್ಟ, ಒಳಹರಿವು, ಹೊರಹರಿವು, ಮೈಶುಗರ್ ಕಾರ್ಖಾನೆ ಈ ವರ್ಷ ಕಬ್ಬು ಅರೆಯುತ್ತೋ ಇಲ್ಲವೋ, ನಾಲೆಗೆ ಯಾವತ್ತು ನೀರು, ಸಹಕಾರ ಸಂಘದ ಚುನಾವಣೆಯಲ್ಲಿ ಯಾರು ಗೆದ್ದರು. ಹಿಂದಿನ ಪುಟಗಳಲ್ಲಿ ಯಾರ ಶೂ ಹರಿದಿದೆ, ಯಾರು ತಿಂಡಿ ತಿನ್ನದೆ ಬಂದರು, ಯಾರ ಮನೆಯಲ್ಲಿ ಜಗಳ, ಯಾರ ಎಡಗಾಲು ಇನ್ನೂ ನೋಯುತ್ತಿದೆ. ಅಭ್ಯಾಸ ಶುರುವಾಗುವ ಮುಂಚೆ ಒಂದು ಮಗು ಅವತ್ತಿನ ಪೇಪರಿನಿಂದ ಕಟ್ಟೆ ನೀರಿನ ಮಟ್ಟ ಗಟ್ಟಿಯಾಗಿ ಓದಬೇಕಿತ್ತು. 124.80 ಅಡಿ ಆದರೆ ಕಟ್ಟೆ ತುಂಬಿದ ಹಾಗೆ ಅಂತ ನಮಗೆಲ್ಲ ಮಗ್ಗಿ ಬರುವ ಮುಂಚೆಯೇ ಬರುತ್ತಿತ್ತು. ಬೂದನೂರು, ಸಾತನೂರು, ಹೊಳಲು ಕಡೆಯಿಂದ ಬರುವ ಮಕ್ಕಳಿಗೆ ಅದು ಅಂಕಿ ಅಲ್ಲ, ಈ ವರ್ಷ ಮನೆಯಲ್ಲಿ ಭತ್ತ ಹಾಕುತ್ತಾರೋ ಇಲ್ಲವೋ ಅನ್ನೋ ವಿಷಯ. ಓದು ಬಾರದೆ ತಡವರಿಸುವ ಮಕ್ಕಳಿಗೇ ಆ ಸರದಿ ಜಾಸ್ತಿ ಬರುತ್ತಿತ್ತು ಅನ್ನೋದು ನನಗೆ ಹೊಳೆದದ್ದು ಬಹಳ ವರ್ಷ ಆದ ಮೇಲೆ.

ವಾರಪತ್ರಿಕೆ ಅವರದೇ. ಅದರಿಂದ ಮನೆ ನಡೆಯುವುದಿಲ್ಲ, ಹಾಗಾಗಿ ಮೈಸೂರಿನ ದಿನಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರರೂ ಆಗಿದ್ದರು. ಮೊಬೈಲು, ಇಮೇಲು ಇಲ್ಲದ ಕಾಲ. ಬರೆದದ್ದನ್ನು ಕವರಿಗೆ ಹಾಕಿ ಸಂಜೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆಯ ಹುಡುಗ ಬಂದು ಇಸಿದುಕೊಳ್ಳುತ್ತಿದ್ದ. ಅಭ್ಯಾಸ ಮುಗಿದ ಮೇಲೆ ಕವರ್ ಕೊಟ್ಟು ಬರುವ ಡ್ಯೂಟಿ ನಮ್ಮದು. ಅದಕ್ಕೆ ಪೈಪೋಟಿ! ನಾಳೆ ಇಡೀ ಜಿಲ್ಲೆ ಓದುವ ಸುದ್ದಿ ಇವತ್ತು ನನ್ನ ಕೈಯಲ್ಲಿದೆ ಅಂತ ಬೀಗುತ್ತಾ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆವು. ಓಡುವ ಅಭ್ಯಾಸವೂ ಆಯಿತು ಅಂತ ಅವರು ಅನ್ನುತ್ತಿದ್ದರು.

ಹೆಸರು ಅಚ್ಚಾದರೆ ಏನಾಗುತ್ತೆ ಅನ್ನೋದಕ್ಕೆ ನನ್ನ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ನಾನು ಎಂಟನೇ ಕ್ಲಾಸಿಗೆ ಬಂದಾಗ ಅಪ್ಪ ಆಟ ಬಿಡಿಸಿಬಿಟ್ಟರು. ದೊಡ್ಡವಳಾದ ಮೇಲೆ ಚಡ್ಡಿ ಹಾಕಿಕೊಂಡು ಊರ ಮುಂದೆ ಓಡೋದೇನು ಅಂತ ಅಜ್ಜಿ ಶುರು ಮಾಡಿದ್ದು, ಅಪ್ಪನೂ ಹೂಂ ಅಂದರು. ಮೇಷ್ಟ್ರು ಮನೆಗೆ ಬಂದರು. ವಾದ ಮಾಡಲಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿದು, ಕಬ್ಬಿಗೆ ಎಷ್ಟು ಬಿಲ್ ಬಾಕಿ ಇದೆ ಅಂತ ಅಪ್ಪನ ಹತ್ತಿರ ವಿಚಾರಿಸಿ, ಹೋಗುವಾಗ ಹಿಂದಿನ ವಾರದ ಪೇಪರ್ ಜಗುಲಿ ಮೇಲೆ ಇಟ್ಟು ಹೋದರು. ತಾಲ್ಲೂಕು ಮಟ್ಟದಲ್ಲಿ ನಾವು ಸೋತಿದ್ದೆವು. ಆದರೂ ನನ್ನ ಹೆಸರಿತ್ತು, ಊರ ಹೆಸರಿತ್ತು, ಅಪ್ಪನ ಹೆಸರೂ ಇತ್ತು, ಯಾಕೆಂದರೆ ನಮ್ಮ ತಂಡದಲ್ಲಿ ನನ್ನ ಹೆಸರಿನ ಇನ್ನೊಬ್ಬಳಿದ್ದಳು. ಅಪ್ಪ ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಸೆಕ್ರೆಟರಿ ಕ್ಯಾನು ಪಕ್ಕಕ್ಕಿಟ್ಟು, "ಏನಣ್ಣ, ನಿನ್ನ ಹೆಸರು ಪೇಪರ್‌ನಾಗೆ ಬಂದದೆ, ಮಗಳು ಚೆನ್ನಾಗಿ ಆಡ್ತಾಳಂತೆ" ಅಂದರಂತೆ. ಸಾಲಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರಂತೆ. ಅಪ್ಪ ಮನೆಗೆ ಬಂದು ಏನೂ ಹೇಳಲಿಲ್ಲ. ಸಂಜೆ ಮಾತ್ರ, "ಅಭ್ಯಾಸ ಇಲ್ವಾ ಇವತ್ತು?" ಅಂತ ಕೇಳಿದರು. ಆ ಪುಟ ಈಗಲೂ ಅಮ್ಮನ ಟ್ರಂಕಿನಲ್ಲಿದೆ.

ಇದೆಲ್ಲ ಹೆಸರು ಬರೆದ ಕಥೆ. ಬರೆಯದೆ ಬಿಟ್ಟದ್ದು ನನ್ನ ಪ್ರಕಾರ ಇನ್ನೂ ದೊಡ್ಡದು.

ಹದಿನಾಲ್ಕು ವರ್ಷದೊಳಗಿನವರ ಪಂದ್ಯದಲ್ಲಿ ಮೀಸೆ ಚಿಗುರಿದ ಹುಡುಗರನ್ನು ಇಳಿಸೋದು ಇವತ್ತಿಗೂ ನಡೆಯುತ್ತೆ. ಪಿಟಿ ಮೇಷ್ಟ್ರುಗಳು ಇಲ್ಲಿದ್ದೀರಿ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಸಲ ಶಾಲೆಯೊಂದರ ತಂಡದಲ್ಲಿ ಹೀಗಾಗಿತ್ತು, ದಾಖಲೆ ತಿದ್ದಿದ್ದು ಮೇಷ್ಟ್ರ ಕೈಗೆ ಸಿಕ್ಕಿತು. ಮೊದಲ ಪುಟದಲ್ಲಿ ಬರೆದರು. ಶಾಲೆ ಹೆಸರಿತ್ತು, ಸಹಿ ಮಾಡಿದವರ ಹುದ್ದೆ ಇತ್ತು, ಹುಡುಗನ ಹೆಸರಿರಲಿಲ್ಲ. ಫೋಟೊ ಇರಲಿಲ್ಲ. ಆಫೀಸಿನಲ್ಲಿ ನಾವೇ ಕೇಳಿದೆವು, ಹೆಸರಿಲ್ಲದೆ ಯಾರು ನಂಬುತ್ತಾರೆ ಅಂತ. "ಸುಳ್ಳು ಬರೆದದ್ದು ದೊಡ್ಡೋರು. ಹುಡುಗ ಆಡು ಅಂದ್ರೆ ಆಡಿದ" ಅಂದರು, ಅಷ್ಟೇ. ಇನ್ನೊಂದು ವಿಷಯ ಆಗ ನಮಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳಿಂದ ಆ ಹುಡುಗ ಅವನ ವಯಸ್ಸಿನ ಗುಂಪಿನಲ್ಲಿ ನಮ್ಮ ಜೊತೆಯೇ ಅಭ್ಯಾಸಕ್ಕೆ ಬರತೊಡಗಿದ. ಕರೆದುಕೊಂಡು ಬಂದವರು ಮೇಷ್ಟ್ರೇ.

2015 ನಿಮಗೆಲ್ಲ ನೆನಪಿದೆ. ಕಬ್ಬಿನ ಬಿಲ್ ಬಾಕಿ, ಸಾಲ, ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ರೈತರು ಜೀವ ಕಳೆದುಕೊಂಡ ವರ್ಷ. ತಂಡದ ಒಂದು ಮಗುವಿನ ಮನೆಯಲ್ಲೂ ಆಯಿತು. ನಾವು ಹೋಗುವಷ್ಟರಲ್ಲಿ ಮನೆ ಮುಂದೆ ಕ್ಯಾಮೆರಾಗಳು ನಿಂತಿದ್ದವು. ಅಪ್ಪನ ಫೋಟೊ ಹಿಡಿದುಕೊಂಡು ಮಾತಾಡು ಅಂತ ಯಾರೋ ಆ ಮಗುವಿಗೆ ಹೇಳುತ್ತಿದ್ದರು. ಮೇಷ್ಟ್ರು ಹೋಗಿ ಮಗುವನ್ನು ಒಳಗೆ ಕಳಿಸಿ ಬಾಗಿಲಿಗೆ ಅಡ್ಡ ನಿಂತರು. ನೀವೂ ಪತ್ರಿಕೆಯವರೇ ಅಲ್ವಾ ಸಾರ್ ಅಂತ ಒಬ್ಬರು ರೇಗಿದರು. "ಹೌದು, ಸಾಲದ ಲೆಕ್ಕ ನನ್ನ ಹತ್ರ ಇದೆ, ಬಾ ಕೊಡ್ತೀನಿ" ಅಂದರು. ಅವರ ವರದಿಯಲ್ಲಿ ಸಾಲ ಎಲ್ಲೆಲ್ಲಿ ಎಷ್ಟು, ಬಾಕಿ ಬಿಲ್ ಎಷ್ಟು, ಕೊಳವೆ ಬಾವಿ ಯಾವಾಗ ಬತ್ತಿತು ಎಲ್ಲಾ ಇತ್ತು. ಮಕ್ಕಳ ಹೆಸರಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಸೀನಿಯರ್ ಹುಡುಗಿಯೊಬ್ಬಳನ್ನು ಸೈಕಲ್ಲಿನಲ್ಲಿ ಕಳಿಸಿ ಆ ಮಗುವನ್ನು ಅಭ್ಯಾಸಕ್ಕೆ ಕರೆಸಿಕೊಂಡರು. ಯಾರೂ ಏನೂ ಕೇಳಕೂಡದು ಅಂತ ನಮಗೆ ಮೊದಲೇ ತಾಕೀತು ಮಾಡಿದ್ದರು. ಅವತ್ತು ಆ ಮಗುವನ್ನು ಕಂಬದ ಪಕ್ಕದ ಚೌಕದಲ್ಲಿ ಕೂರಿಸಿದರು, ಎಲ್ಲರಿಗಿಂತ ಜಾಸ್ತಿ ಖೋ ಬರುವ ಜಾಗ.

ಸ್ವಲ್ಪ ಹಳೆಯ ಕಥೆಗೆ ಹೋಗುತ್ತೇನೆ. ಕಲಿಸೋದೂ ಬರೆಯೋದೂ ಒಬ್ಬರಲ್ಲೇ ಇರೋದು ನಮ್ಮ ಕಡೆ ಹೊಸದಲ್ಲ. ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು, ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು. 'ಸಾಧ್ವಿ' ಪತ್ರಿಕೆ ನಡೆಸಿದವರೂ ಅವರೇ, ಅನಾಥ ಮಕ್ಕಳಿಗೆ ಆಸರೆ ಕಟ್ಟಿದವರೂ ಅವರೇ. 1908ರಲ್ಲಿ ಸಂಸ್ಥಾನ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ ಅದನ್ನು ವಿರೋಧಿಸಿದವರು. ಮೇಷ್ಟ್ರ ಮೇಜಿನ ಗಾಜಿನ ಕೆಳಗೆ ತಾತಯ್ಯನವರ ಒಂದು ಸಣ್ಣ ಚಿತ್ರ ಇತ್ತು. ಆ ಚಿತ್ರ ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಕೀಲಿ ಪ್ರಸಂಗ ಆದಾಗ ನನಗೆ ಆ ಚಿತ್ರ ನೆನಪಾಯಿತು.

ಕೀಲಿ ಪ್ರಸಂಗ ಅಂದರೆ, ನಾವು ಅಭ್ಯಾಸ ಮಾಡುತ್ತಿದ್ದ ಮೈದಾನದ ಗೇಟಿನ ಕೀಲಿ ಮೇಷ್ಟ್ರ ಹತ್ತಿರ ಇರುತ್ತಿತ್ತು. ಬೆಳಿಗ್ಗೆ ಐದೂವರೆಗೆ ತೆಗೆಯಬೇಕಲ್ಲ, ಅದಕ್ಕೆ ಕೊಟ್ಟಿದ್ದರು. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ, ನಲ್ಲಿಯಲ್ಲಿ ನೀರಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಪೇಪರಿನಲ್ಲಿ ಬರೆದರು. ಮರುದಿನವೇ ಕೀಲಿ ವಾಪಸ್ ಕೇಳಿದರು. ಅವರು ಸುಮ್ನೆ ಕೊಟ್ಟರು. ನಮಗೆ ಆಡಲು ಜಾಗ ಇಲ್ಲ. ಆಗ ಊರಾಚೆಯ ರೈತರೊಬ್ಬರು ತಮ್ಮ ರಾಗಿ ಕಣ ಬಿಟ್ಟುಕೊಟ್ಟರು. ಸಗಣಿ ಬಳಿದು ಗಟ್ಟಿ ಮಾಡಿದ ನೆಲ, ಕಂಬ ನೆಟ್ಟೆವು, ಸುಣ್ಣದಲ್ಲಿ ಗೆರೆ ಎಳೆದೆವು. ಸುಗ್ಗಿ ಬರುವವರೆಗೂ ಅಲ್ಲೇ ಆಡಿದೆವು. ಒಂದು ಸಾಲು ಹೊಗಳಿ ಬರೆದಿದ್ದರೆ ಕೀಲಿ ಅವತ್ತೇ ವಾಪಸ್ ಬರುತ್ತಿತ್ತು. ಬರೆಯಲಿಲ್ಲ. ಅದರ ಬದಲು ಪ್ರತಿ ವಾರ ಅದೇ ಶೌಚಾಲಯದ ಬಗ್ಗೆ ಎರಡು ಸಾಲು ಹಾಕುತ್ತಾ ಹೋದರು, ಬೀಗ ತೆಗೆಯುವವರೆಗೂ. ಸಣ್ಣ ಪೇಪರ್ ಇಟ್ಟುಕೊಂಡು ಅಧಿಕಾರಿಗಳನ್ನು ಹೆದರಿಸಿ ದುಡ್ಡು ಮಾಡುವವರು ನಮ್ಮ ಊರುಗಳಲ್ಲಿ ಕಡಿಮೆ ಇಲ್ಲ. ಇವರ ಪೇಪರಿಗೆ ಬರುತ್ತಿದ್ದದ್ದು ರಾಜ್ಯೋತ್ಸವ, ಯುಗಾದಿಗೆ ನಾಲ್ಕು ಶುಭಾಶಯದ ಜಾಹೀರಾತು, ಸಹಕಾರ ಸಂಘದ ಮಹಾಸಭೆ ನೋಟಿಸು, ಅಷ್ಟೇ.

ಬಂದ್ ದಿನಗಳ ಬಗ್ಗೆ ಹೇಳಲೇಬೇಕು. ಕಾವೇರಿ ಗಲಾಟೆ ಅಂದರೆ ಮಂಡ್ಯಕ್ಕೆ ಹೊಸತಾ? 1991, 2002, 2012, 2016. 2016ರ ಸೆಪ್ಟೆಂಬರಿನಲ್ಲಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಹೆದ್ದಾರಿ ಬಂದ್, ಶಾಲೆ ರಜೆ, ಸಂಜಯ ಸರ್ಕಲ್ಲಿನಲ್ಲಿ ಟೈರು ಉರಿಯುತ್ತಿತ್ತು. ಅವತ್ತು ಅಭ್ಯಾಸ ಇರುವುದಿಲ್ಲ ಅಂದುಕೊಂಡಿದ್ದ ಮಕ್ಕಳನ್ನು ಮನೆಮನೆಗೆ ಹೇಳಿಕಳಿಸಿ ಕರೆಸಿಕೊಂಡರು. ದೊಡ್ಡ ಹುಡುಗರು ಕಲ್ಲು ಹಿಡಿಯುವ ವಯಸ್ಸಿನವರು. ಒಬ್ಬನ ಮೇಲೆ ಕೇಸ್ ಬಿದ್ದರೆ ಮುಂದೆ ಪೊಲೀಸ್ ಕೆಲಸವೂ ಇಲ್ಲ, ಸೈನ್ಯವೂ ಇಲ್ಲ ಅಂತ ಅವರಿಗೆ ಗೊತ್ತಿತ್ತು. ದಿನವಿಡೀ ಪಂದ್ಯ ಆಡಿಸಿದರು. ನಡುವೆ ಸರ್ಕಲ್ಲಿಗೆ ಹೋಗಿ ಧರಣಿಯ ಸುದ್ದಿ ಬರೆದುಕೊಂಡು ಬರೋರು, ಮತ್ತೆ ಸೀಟಿ ಊದೋರು. ಧರಣಿಯಲ್ಲಿ ಅವರೂ ಕೂತವರೇ, ರೈತರ ಮಗನೇ, ಕಾವೇರಿ ವಿಷಯದಲ್ಲಿ ಅವರಿಗೆ ಎರಡು ಮಾತಿರಲಿಲ್ಲ. ಮಕ್ಕಳ ವಿಷಯದಲ್ಲೂ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ಮಂಡಿ ನೋವು. ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತಿದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತಲ್ಲ, ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ನೇಪಾಳವನ್ನು ಸೋಲಿಸಿ ಕಪ್ ಗೆದ್ದರು. ಆ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಮೊಬೈಲಿನ ಸುತ್ತ ಮಕ್ಕಳನ್ನೆಲ್ಲ ಕೂರಿಸಿಕೊಂಡು ನೋಡಿದರು. "ಕುರುಬೂರು ಇಲ್ಲೇ ಕಣ್ರವ್ವ, ಬನ್ನೂರು ದಾಟಿದ್ರೆ ನರಸೀಪುರ, ಅಲ್ಲೇ ಪಕ್ಕ" ಅಂತ ಎಷ್ಟು ಸಲ ಹೇಳಿದರೋ. ಮಕ್ಕಳು ಕಪ್ ನೋಡುತ್ತಿದ್ದರೆ ಇವರು ಮ್ಯಾಟಿನ ಮೇಲೆ ಕೂತವರು ಹೇಗೆ ಏಳುತ್ತಾರೆ ಅಂತ ನೋಡುತ್ತಿದ್ದರು. ಮಣ್ಣಿಗೂ ಮ್ಯಾಟಿಗೂ ಕಾಲು ಹಿಡಿಯುವ ರೀತಿ ಬೇರೆ, ನಮ್ಮ ಮಕ್ಕಳಿಗೆ ಒಂದು ಮ್ಯಾಟ್ ಬೇಕು ಅನ್ನೋದು ಆಮೇಲೆ ಅವರ ದೊಡ್ಡ ಚಿಂತೆ ಆಯಿತು. ಆ ವಾರದ ಪೇಪರಿನಲ್ಲಿ ಅವರು ಬರೆದ ವರದಿಯಲ್ಲಿ ನೇಪಾಳದ ಆಟಗಾರ್ತಿಯರ ಹೆಸರೂ ಇತ್ತು. ಹುಡುಕಿ ಹುಡುಕಿ ಬರೆದಿದ್ದರು. ಅದರ ಪಕ್ಕದ ಕಾಲಮ್ಮಿನಲ್ಲಿ ಅವತ್ತಿನ ನಮ್ಮ ಅಭ್ಯಾಸ ಪಂದ್ಯದ ವರದಿ, ಅಷ್ಟೇ ಉದ್ದದ್ದು.

ಇನ್ನು ಮುಂದಿನ ಕೆಲಸದ ಮಾತು. ಅವರ ಪೇಪರಿನ ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿವೆ. ಕೆಲವು ಕಟ್ಟಿಗೆ ಗೆದ್ದಲು ಹಿಡಿದಿದೆ, ನಡುವೆ ಕೆಲವು ವರ್ಷದ ಸಂಚಿಕೆಗಳು ಸಿಗುತ್ತಲೇ ಇಲ್ಲ. ಮನೆಯವರು ಒಪ್ಪಿದ್ದಾರೆ, ಇರುವುದನ್ನೆಲ್ಲ ಸ್ಕ್ಯಾನ್ ಮಾಡಿಸುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಹಳೆಯ ಸಂಚಿಕೆ, ಕತ್ತರಿಸಿಟ್ಟ ತುಣುಕು, ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದು ಏನಿದ್ದರೂ ತನ್ನಿ. ಫೋಟೊ ತೆಗೆದುಕೊಂಡು ವಾಪಸ್ ಕೊಡುತ್ತೇವೆ.

ಅಭ್ಯಾಸ ನಿಂತಿಲ್ಲ. ಅವರ ಹತ್ತಿರ ಆಡಿದ ಇಬ್ಬರು ಹೆಣ್ಣುಮಕ್ಕಳು ಬೆಳಿಗ್ಗೆ ನೋಡಿಕೊಳ್ಳುತ್ತಿದ್ದಾರೆ. ಈ ಸಲದ ಹೋಬಳಿ ಮಟ್ಟದ ಪಂದ್ಯಗಳಿಗೆ ವರದಿ ಬರೆಯಲು ನಾನು ಮೈಸೂರಿನಿಂದ ಬರುತ್ತೇನೆ. ಎರಡು ಅಂಕಣದಲ್ಲಿ ಒಟ್ಟಿಗೆ ಆಟ ನಡೆಯುತ್ತೆ, ಸೋತವರು ಬೇಗ ಹೊರಟುಬಿಡುತ್ತಾರೆ, ಅಷ್ಟೂ ಹೆಸರು ಬರೆದುಕೊಳ್ಳೋಕೆ ಒಬ್ಬರ ಕೈ ಸಾಲದು. ಇನ್ನೂ ಮೂರು ನಾಲ್ಕು ಜನ ಬೇಕು. ಬರೆಯೋಕೆ ಬರುತ್ತಾ ಅನ್ನೋ ಯೋಚನೆ ಬೇಡ, ಇನಿಷಿಯಲ್ಲು ಮತ್ತು ಊರು ಸರಿಯಾಗಿ ಕೇಳಿ ಬರೆದುಕೊಂಡರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಬರುವವರು ಹೊರಡುವ ಮುಂಚೆ ನನ್ನ ಹತ್ತಿರ ಫೋನ್ ನಂಬರ್ ಕೊಟ್ಟು ಹೋಗಿ.